ಟಿವಿ ತೋರಿಸದ ಟಿವಿ ಡಾಂಗಲ್: ಎರಡು ವರ್ಷ ಬಳಸಿದ ಮೇಲೆ

ಹಾಸನದ ಬಿ.ಎಂ. ರಸ್ತೆಯಿಂದ ಒಳಗೆ ತಿರುಗಿದರೆ ಒಂದು ಅಡ್ಡರಸ್ತೆಯಲ್ಲಿ ನನ್ನ ಟಿವಿ ರಿಪೇರಿ ಅಂಗಡಿ ಇದೆ. ಮೂವತ್ತು ವರ್ಷ ದಾಟಿತು. ಈಗ ಬರುವ ಗಿರಾಕಿಗಳೆಲ್ಲ ಎಲ್‌ಇಡಿ ಟಿವಿಯ ಬ್ಯಾಕ್‌ಲೈಟ್ ಹೋಗಿದೆ ಅಂತಲೋ, ಮಿಕ್ಸಿ ತಿರುಗ್ತಿಲ್ಲ ಅಂತಲೋ ಬರುತ್ತಾರೆ. ಆಂಟೆನಾ ಕಟ್ಟಿಕೊಡಿ ಅಂತ ಕೊನೆಯ ಸಲ ಯಾರು ಬಂದಿದ್ದರೋ ನೆನಪಿಲ್ಲ. ಒಂದು ಕಾಲಕ್ಕೆ ಅದೇ ನನ್ನ ಅನ್ನ. ನಾನು ಹೆಂಚಿನ ಮೇಲೆ ನಿಂತು ಪೈಪ್ ತಿರುಗಿಸೋದು, ಕೆಳಗಿನಿಂದ ಮನೆಯವರು 'ಬಂತು, ಬಂತು, ಅಯ್ಯೋ ಹೋಯ್ತು' ಅಂತ ಕೂಗೋದು. ದೂರದರ್ಶನದ ಹಳೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳು 2022ರ ಹೊತ್ತಿಗೆ ಹೆಚ್ಚುಕಮ್ಮಿ ಎಲ್ಲ ಬಂದ್ ಆದವು. ನನ್ನ ಏಣಿಗೂ ಕೆಲಸ ಮುಗಿಯಿತು.

ಹೀಗಿರುವಾಗ ಅಕ್ಕನ ಮಗ, ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದ್ತಾ ಇರುವವನು, ದೀಪಾವಳಿಗೆ ಬಂದಾಗ ಒಂದು ಮಾತು ಹೇಳಿದ. 'ಮಾವ, ಪೆನ್‌ಡ್ರೈವ್ ಥರದ ಒಂದು ಟಿವಿ ಡಾಂಗಲ್ ಇದೆ. ಟಿವಿ ಬರಲ್ಲ. ಆದ್ರೆ ಸ್ಯಾಟಲೈಟ್ ಚಿತ್ರ ಬರತ್ತೆ.' ಟಿವಿ ಬರದ ಟಿವಿ ಡಾಂಗಲ್ ಯಾಕಪ್ಪಾ ಬೇಕು ಅಂತ ನಕ್ಕೆ. ಆಮೇಲೆ ನಗು ನಿಂತಿತು. ದುಡ್ಡೂ ಖರ್ಚಾಯಿತು. ಈಗ ಬರೆಯುತ್ತಿರುವುದು ಅದರ ಬಗ್ಗೆಯೇ. ಹೆಸರು ಆರ್‌ಟಿಎಲ್-ಎಸ್‌ಡಿಆರ್, ಅಂದರೆ ಸಿಗ್ನಲ್ ಬಿಡಿಸುವ ಕೆಲಸವನ್ನು ಕಂಪ್ಯೂಟರಿನ ಸಾಫ್ಟ್‌ವೇರಿಗೆ ಬಿಡುವ ರೇಡಿಯೋ. ನನ್ನ ಹತ್ತಿರ ಇರುವುದು ವಿ3 ಮಾದರಿ.

ಇದರ ಹಿಂದಿನ ಕಥೆ ನನಗೆ ವಸ್ತುವಿಗಿಂತ ಹೆಚ್ಚು ಇಷ್ಟ. ಒಳಗೆ ಇರುವುದು ರಿಯಲ್‌ಟೆಕ್ ಕಂಪನಿಯ ಆರ್‌ಟಿಎಲ್2832ಯು ಅನ್ನುವ ಚಿಪ್. ಯುರೋಪಿನ ಕಡೆ ಬಳಸುವ ಡಿವಿಬಿ-ಟಿ ಅನ್ನುವ ಡಿಜಿಟಲ್ ಟಿವಿಯನ್ನು ಲ್ಯಾಪ್‌ಟಾಪಿನಲ್ಲಿ ನೋಡಲು ಅಂತ ಮಾಡಿದ್ದು. ಅಗ್ಗದ ಮಾಲು. 2012ರಲ್ಲಿ ಆಂಟಿ ಪಾಲೊಸಾರಿ ಎಂಬ ಫಿನ್‌ಲೆಂಡಿನ ಲಿನಕ್ಸ್ ಪ್ರೋಗ್ರಾಮರ್ ಒಂದು ವಿಷಯ ಕಂಡುಕೊಂಡರು. ಎಫ್‌ಎಂ ರೇಡಿಯೋ ಕೇಳಿಸುವಾಗ ಈ ಚಿಪ್ ತಾನೇನೂ ಬಿಡಿಸುವುದಿಲ್ಲ. ಗಾಳಿಯಿಂದ ಬಂದ ಸಿಗ್ನಲ್ಲನ್ನು ಹಸಿಹಸಿಯಾಗಿ, ಬರೀ ಅಂಕಿಗಳಾಗಿ ಕಂಪ್ಯೂಟರಿಗೆ ಸುರಿಯುತ್ತದೆ. ಉಳಿದದ್ದೆಲ್ಲ ಸಾಫ್ಟ್‌ವೇರ್ ಮಾಡಿಕೊಳ್ಳಬೇಕು. ಅಂದರೆ ಎಫ್‌ಎಂ ಒಂದೇ ಅಲ್ಲ, ಯಾವ ಸಿಗ್ನಲ್ ಆದರೂ ಸರಿ ಅಂತಾಯಿತಲ್ಲ. ಆಸ್ಮೋಕಾಮ್ ಅನ್ನುವ ಹವ್ಯಾಸಿಗಳ ಗುಂಪು ಅದಕ್ಕೆ ಡ್ರೈವರ್ ಬರೆದು ಪುಕ್ಕಟೆ ಕೊಟ್ಟಿತು. ಅಲ್ಲಿಂದ ಶುರು. ಆ ಸುದ್ದಿ ಒಬ್ಬರಿಂದ ಒಬ್ಬರಿಗೆ ಹೋಗಿ, ಜಗತ್ತಿನ ರೇಡಿಯೋ ಹುಚ್ಚರೆಲ್ಲ ಕಸದ ಬುಟ್ಟಿಯಿಂದ ಟಿವಿ ಡಾಂಗಲ್ ಹೆಕ್ಕಿ ತೆಗೆದರು.

ನಮ್ಮ ದೇಶದಲ್ಲಿ ಇನ್ನೂ ಒಂದು ತಮಾಷೆ. ದೂರದರ್ಶನ ಡಿಜಿಟಲ್‌ಗೆ ಹೋದಾಗ ಆರಿಸಿಕೊಂಡಿದ್ದು ಅದರ ಮುಂದಿನ ಪೀಳಿಗೆಯ ಡಿವಿಬಿ-ಟಿ2. ಈ ಚಿಪ್‌ಗೆ ಟಿ2 ಬರುವುದಿಲ್ಲ. ಹಾಗಾಗಿ ಹಾಸನದಲ್ಲಿ ಕೂತು ಇದರಲ್ಲಿ ಟಿವಿ ನೋಡೋ ಆಸೆ ಇದ್ದರೆ ಬಿಟ್ಟುಬಿಡಿ. ಯಾರಾದರೂ ಮಾರುವವರು 'ಟಿವಿಯೂ ಬರತ್ತೆ ಸಾರ್' ಅಂದರೆ ಅಲ್ಲಿಂದ ಎದ್ದು ಬನ್ನಿ.

ನಾನು ಮೊದಲ ಸಲ ಮೋಸ ಹೋದೆ, ಅದನ್ನು ಮುಚ್ಚಿಡುವುದು ಯಾಕೆ. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರನ ಹತ್ತಿರ ಅರ್ಧ ಬೆಲೆಗೆ 'ವಿ3' ಸಿಕ್ಕಿತು. ಬಂದದ್ದು ನೀಲಿ ಪ್ಲಾಸ್ಟಿಕ್ ಡಬ್ಬಿ, ಮೇಲೆ ವಿ3 ಅಂತ ಸ್ಟಿಕ್ಕರ್. ಬಿಚ್ಚಿ ನೋಡಿದೆ, ನಮ್ಮ ಕಸುಬೇ ಅದು ತಾನೆ. ಒಳಗೆ ಇದ್ದದ್ದು ಸಾದಾ ಕ್ರಿಸ್ಟಲ್ (ಸ್ಟೇಷನ್ ಎಲ್ಲಿದೆ ಅಂತ ಅಳೆಯಲು ತಾಳ ಹಾಕುವ ಭಾಗ ಅದು). ಬೋರ್ಡಿನ ಮೇಲೆ ಒಂದು ಕಡೆ ಸೋಲ್ಡರೇ ಹಿಡಿದಿರಲಿಲ್ಲ. ನಾನೇ ಐರನ್ ಬಿಸಿ ಮಾಡಿ ಹಾಕಿಕೊಂಡೆ. ಕೆಲಸವೇನೋ ಮಾಡಿತು. ಆದರೆ 102.2 ಮೆಗಾಹರ್ಟ್ಸ್‌ನಲ್ಲಿ ಇರಬೇಕಾದ ನಮ್ಮ ಹಾಸನ ಆಕಾಶವಾಣಿ ಸ್ವಲ್ಪ ಪಕ್ಕದಲ್ಲಿ ಕೂತಿತ್ತು. ಬಿಸಿ ಏರಿದ ಹಾಗೆ ಇನ್ನೂ ಸರಿಯುತ್ತಿತ್ತು.

ಈ ಸರಿಯುವ ವಿಷಯ ಸ್ವಲ್ಪ ವಿವರಿಸಬೇಕು, ಕೊಳ್ಳುವವರಿಗೆ ಮುಖ್ಯ. ಅಗ್ಗದ ಕ್ರಿಸ್ಟಲ್ ಹತ್ತು ಲಕ್ಷಕ್ಕೆ ಐವತ್ತರಷ್ಟು ತಪ್ಪಬಹುದು. ಉಪಗ್ರಹದ ಚಿತ್ರ ಬರುವ 137 ಮೆಗಾಹರ್ಟ್ಸ್‌ನಲ್ಲಿ ಅದು ಸುಮಾರು 7 ಕಿಲೋಹರ್ಟ್ಸ್ ಆಗುತ್ತದೆ. ಎಫ್‌ಎಂ ಹಾಡಿಗೆ ಅದು ಲೆಕ್ಕವೇ ಅಲ್ಲ. ಉಪಗ್ರಹಕ್ಕೆ ಲೆಕ್ಕ, ಯಾಕಂದರೆ ಅದು ಓಡುತ್ತಿರುವುದರಿಂದ ಅದರ ಸಿಗ್ನಲ್ಲೇ ಮೂರು ಕಿಲೋಹರ್ಟ್ಸ್‌ನಷ್ಟು ಆಚೀಚೆ ಜಾರುತ್ತಾ ಇರುತ್ತದೆ. ರೈಲು ಹತ್ತಿರ ಬರುವಾಗ ಸಿಳ್ಳೆ ಒಂದು ಥರ, ದಾಟಿದ ಮೇಲೆ ಇನ್ನೊಂದು ಥರ ಕೇಳಿಸುತ್ತದಲ್ಲ, ಅದೇ. ಅದರ ಮೇಲೆ ಡಾಂಗಲ್ಲೂ ತಾನೊಂದು ದಿಕ್ಕಿಗೆ ಜಾರಿದರೆ ಹುಡುಕೋದು ಕಷ್ಟ. ಅಸಲಿ ವಿ3ಯಲ್ಲಿ ಟಿಸಿಎಕ್ಸ್ಒ ಇದೆ. ಬಿಸಿ ಏರಿದರೂ ಜಾಗ ಬಿಡದ ಕ್ರಿಸ್ಟಲ್ ಅಂತ ಇಟ್ಟುಕೊಳ್ಳಿ, ಹತ್ತು ಲಕ್ಷಕ್ಕೆ ಒಂದರಷ್ಟು ಮಾತ್ರ ತಪ್ಪು. ಎರಡನೇ ಸಲ ಕೊಟ್ಟ ದುಡ್ಡೆಲ್ಲ ಇದಕ್ಕೇ ಅಂತ ನಾನು ಸಮಾಧಾನ ಮಾಡಿಕೊಂಡಿದ್ದೇನೆ.

ಅಸಲಿ ಬಂದದ್ದು 2024ರ ಜನವರಿಯಲ್ಲಿ, ಆಂಟೆನಾ ಕಿಟ್ ಸೇರಿ ಐದು ಸಾವಿರದ ಮೇಲೆ ಸ್ವಲ್ಪ ಆಯಿತು. ಅಲ್ಯೂಮಿನಿಯಂ ಡಬ್ಬಿ, ಎಸ್‌ಎಂಎ ಕನೆಕ್ಟರ್. ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗುತ್ತದೆ. ಅರ್ಧ ಗಂಟೆ ಓಡಿದರೆ ಡಬ್ಬಿ ಚೆನ್ನಾಗಿ ಬಿಸಿಯಾಗುತ್ತದೆ. ಹೆದರಬೇಡಿ. ಒಳಗಿನ ಬಿಸಿಯನ್ನು ಪ್ಯಾಡ್ ಮೂಲಕ ಡಬ್ಬಿಗೇ ದಾಟಿಸುವ ಹಾಗೆ ಮಾಡಿದ್ದಾರೆ. ಆಂಪ್ಲಿಫೈಯರಿನ ಹೀಟ್‌ಸಿಂಕ್ ಮುಟ್ಟಿ ಗೊತ್ತಿರುವವರಿಗೆ ಇದು ಹೊಸದಲ್ಲ.

ಸಾಫ್ಟ್‌ವೇರ್ ಮಾತ್ರ ನನ್ನ ಪ್ರಾಣ ತಿಂದಿತು. ವಿಂಡೋಸ್ ಇದನ್ನು ಟಿವಿ ಡಾಂಗಲ್ ಅಂತಲೇ ತಿಳಿದು ಟಿವಿ ಡ್ರೈವರ್ ಹಾಕಿಬಿಡುತ್ತದೆ. ಅದನ್ನು ತೆಗೆದು ಬೇರೆ ಹಾಕಲು ಜಾಡಿಗ್ ಎಂಬ ಸಣ್ಣ ಪ್ರೋಗ್ರಾಮ್ ಇದೆ. ಪಟ್ಟಿಯಲ್ಲಿ 'ಬಲ್ಕ್-ಇನ್, ಇಂಟರ್‌ಫೇಸ್ 0' ಅಂತ ಇರುವುದನ್ನೇ ಆರಿಸಬೇಕು. ನಾನು ಕನ್ನಡಕ ಹಾಕಿಕೊಳ್ಳದೆ ಆರಿಸಿದೆ. ಮೌಸ್ ಸತ್ತುಹೋಯಿತು. ಮೌಸಿನ ಡ್ರೈವರನ್ನೇ ಬದಲಾಯಿಸಿಬಿಟ್ಟಿದ್ದೆ! ಅಳಿಯನಿಗೆ ಫೋನ್ ಮಾಡಿದರೆ ಅವನು ಐದು ನಿಮಿಷ ನಕ್ಕು, ಆಮೇಲೆ ಕೀಬೋರ್ಡಿನಲ್ಲೇ ಸರಿ ಮಾಡುವುದು ಹೇಳಿಕೊಟ್ಟ. ಆದ್ದರಿಂದ ಹಾಕಿದ ಕೂಡಲೇ ಕೆಲಸ ಮಾಡುತ್ತದೆ ಅಂತ ಅಂದುಕೊಂಡು ಕೊಳ್ಳಬೇಡಿ. ಒಂದು ಭಾನುವಾರ ಹೋಗುತ್ತದೆ.

ಆದರೆ ಆ ಭಾನುವಾರ ಸಂಜೆ ಪರದೆ ಮೇಲೆ ಬಂದದ್ದನ್ನು ನೋಡಿ ನನಗೆ ಮಾತು ಬರಲಿಲ್ಲ. ಒಂದೇ ಸಲಕ್ಕೆ 2.4 ಮೆಗಾಹರ್ಟ್ಸ್ ಅಗಲದ ಗಾಳಿ ಕಾಣುತ್ತದೆ. ಒಂದೊಂದು ಸ್ಟೇಷನ್ನೂ ಒಂದೊಂದು ಗುಡ್ಡದ ಹಾಗೆ ಎದ್ದು ನಿಂತಿರುತ್ತದೆ. ಕೆಳಗೆ ಜಲಪಾತದ ಹಾಗೆ ಬಣ್ಣ ಇಳಿಯುತ್ತಾ ಇರುತ್ತದೆ. ಹಾಸನದ ದೊಡ್ಡ ಗುಡ್ಡ 102.2. ಮಹಡಿಗೆ ಹೋಗಿ ಆಂಟೆನಾ ಸರಿಯಾಗಿ ಇಟ್ಟಾಗ 100.6ರಲ್ಲಿ ಮೈಸೂರು ಒಂದು ಸಣ್ಣ ದಿಬ್ಬ. ಮೂವತ್ತು ವರ್ಷ ಸಿಗ್ನಲ್ ಜೊತೆ ಬದುಕಿದ್ದೇನೆ. ಕಣ್ಣಲ್ಲಿ ನೋಡಿದ್ದು ಅವತ್ತೇ. ಸ್ಪೆಕ್ಟ್ರಮ್ ಅನಲೈಸರ್ ಅನ್ನುವ ಯಂತ್ರ ಇರುತ್ತದೆ ಅಂತ ಐಟಿಐನಲ್ಲಿ ಪುಸ್ತಕದಲ್ಲಿ ಓದಿದ್ದೆ. ಅದರ ಬೆಲೆಗೆ ಆಗ ಮನೆ ಕಟ್ಟಬಹುದಿತ್ತು ಅಂತ ಮೇಷ್ಟ್ರು ಹೇಳುತ್ತಿದ್ದರು.

ಮೈಸೂರು ಅಂದೆನಲ್ಲ. 1935ರಲ್ಲಿ ಅಲ್ಲಿ ಎಂ.ವಿ. ಗೋಪಾಲಸ್ವಾಮಿ ಅನ್ನುವ ಮನಶ್ಶಾಸ್ತ್ರದ ಪ್ರೊಫೆಸರ್ ತಮ್ಮ ಮನೆಯಲ್ಲೇ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟು 'ಆಕಾಶವಾಣಿ' ಅಂತ ರೇಡಿಯೋ ಕೇಂದ್ರ ನಡೆಸಿದರು. ನಮ್ಮ ಮನೆಯ ಬಲ್ಬು ಅದಕ್ಕಿಂತ ಜಾಸ್ತಿ ಉರಿಯುತ್ತಿತ್ತು. ಹವ್ಯಾಸಿಗಳು ಶುರು ಮಾಡಿದ್ದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅನ್ನುವುದಕ್ಕೆ ಫಿನ್‌ಲೆಂಡಿನವರೆಗೆ ಹೋಗಬೇಕಾಗಿಲ್ಲ.

ಇನ್ನು ಉಪಗ್ರಹ. ಕಿಟ್ ಜೊತೆ ಬರುವ ಎರಡು ಉದ್ದನೆ ಕಡ್ಡಿಗಳನ್ನು ಎಳೆದು, 'ವಿ' ಆಕಾರದಲ್ಲಿ 120 ಡಿಗ್ರಿಗೆ ಅಗಲಿಸಿ ಮಲಗಿಸಬೇಕು. ಒಂದೊಂದು ಕಡ್ಡಿ 53 ಸೆಂಟಿಮೀಟರ್ ಚಿಲ್ಲರೆ. ಇದೊಂದು ಲೆಕ್ಕ ನಾನು ಯಾರನ್ನೂ ಕೇಳಲಿಲ್ಲ. 300ನ್ನು 137ರಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಬರುತ್ತದೆ, ಅದರ ಕಾಲುಭಾಗಕ್ಕಿಂತ ಒಂದು ಚೂರು ಕಡಿಮೆ. ಟಿವಿ ಆಂಟೆನಾಗೂ ಇದೇ ಲೆಕ್ಕ ಹಾಕುತ್ತಿದ್ದೆವು. ಕಿಟ್‌ನ ಸಣಕಲು ಮೂರು ಮೀಟರ್ ಕೇಬಲ್ ತೆಗೆದಿಟ್ಟೆ. ಅಂಗಡಿಯಲ್ಲಿ ಕೇಬಲ್ ಟಿವಿಯ ಆರ್‌ಜಿ-6 ಸುರುಳಿ ಬಿದ್ದಿತ್ತು. ಎಫ್ ಕನೆಕ್ಟರಿನಿಂದ ಎಸ್‌ಎಂಎಗೆ ಅಡಾಪ್ಟರ್ ಹಾಸನದಲ್ಲಿ ಸಿಗಲಿಲ್ಲ, ಅಳಿಯ ಎಸ್.ಪಿ. ರೋಡಿನಿಂದ ತಂದುಕೊಟ್ಟ. ಅದು 75 ಓಮ್, ಡಾಂಗಲ್ಲು 50 ಓಮ್, ಹೊಂದಲ್ಲ ಅನ್ನುವ ಪಂಡಿತರಿದ್ದಾರೆ. ಕೇಳುವುದಕ್ಕೆ ಮಾತ್ರ ಬಳಸುವಾಗ ಆ ನಷ್ಟ ಗೊತ್ತೂ ಆಗುವುದಿಲ್ಲ. ಸುಮ್ನೆ ಹಾಕಿ.

ಫೆಬ್ರವರಿಯ ಒಂದು ಬೆಳಿಗ್ಗೆ ಏಳರ ಆಸುಪಾಸು. ಅಮೆರಿಕದ ಹವಾಮಾನ ಉಪಗ್ರಹ ನೋವಾ 15 ಉತ್ತರದಿಂದ ದಕ್ಷಿಣಕ್ಕೆ ದಾಟುವ ಸಮಯ ಅಂತ ಮೊಬೈಲ್ ಹೇಳಿತು. 137.620ಕ್ಕೆ ಇಟ್ಟುಕೊಂಡು ಮಹಡಿಯಲ್ಲಿ ಕೂತೆ. ಮೊದಲು ಬರೀ ಸೊರ್ ಅನ್ನುವ ಸದ್ದು. ಆಮೇಲೆ ಅದರ ಒಳಗಿನಿಂದ ಟಿಕ್ಕು ಟಾಕ್, ಟಿಕ್ಕು ಟಾಕ್ ಅಂತ ಗಡಿಯಾರದ ಹಾಗೆ. ಸೆಕೆಂಡಿಗೆ ಎರಡು ಸಲ. ಆ ಒಂದೊಂದು ಟಿಕ್ಕೂ ಚಿತ್ರದ ಒಂದೊಂದು ಗೆರೆ.

ನಮ್ಮ ಹಳೆಯ ಟಿವಿಯಲ್ಲಿ ಸೆಕೆಂಡಿಗೆ 15,625 ಗೆರೆ. ಆ ಸಂಖ್ಯೆ ನನಗೆ ಮಕ್ಕಳ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ನೆನಪಿದೆ. ಇಲ್ಲಿ ಎರಡೇ ಎರಡು. ಹತ್ತು ಹನ್ನೆರಡು ನಿಮಿಷ ಕಾದರೆ ಒಂದು ಚಿತ್ರ. ಮೊದಲ ಚಿತ್ರ ಬಂದಾಗ ಇಡೀ ಭಾರತ ಓರೆಯಾಗಿ ವಾಲಿತ್ತು. ನನಗೆ ನಗು ಬಂತು. ಇದು ಹಾರಿಜಾಂಟಲ್ ಹೋಲ್ಡ್ ಹೋದ ಟಿವಿಯೇ! ಆಗ ಹಿಂದುಗಡೆ ಗುಬ್ಬಿ ತಿರುಗಿಸುತ್ತಿದ್ದೆವು. ಇಲ್ಲಿ ಸಾಫ್ಟ್‌ವೇರಿನಲ್ಲಿ ಒಂದು ಅಂಕಿ ಬದಲಾಯಿಸಿದರೆ ನೆಟ್ಟಗಾಗುತ್ತದೆ. ನೆಟ್ಟಗಾದ ಮೇಲೆ ಕಂಡದ್ದು: ಕೇರಳದ ಕರಾವಳಿ, ಮಾವಿನಕಾಯಿಯಂತೆ ಲಂಕೆ, ಬಂಗಾಳ ಕೊಲ್ಲಿಯ ಮೇಲೆ ಹತ್ತಿ ಉದುರಿಸಿದ ಹಾಗೆ ಮೋಡ. ಚಿತ್ರದ ಒಂದು ಚುಕ್ಕಿ ಅಂದರೆ ನೆಲದ ಮೇಲೆ ನಾಲ್ಕು ಕಿಲೋಮೀಟರ್. ಹಾಸನ ಊರೇ ಒಂದೆರಡು ಚುಕ್ಕಿ. ಹೆಂಡತಿಯನ್ನು ಕರೆದು ತೋರಿಸಿದೆ. 'ಮೊಬೈಲಲ್ಲಿ ಇದಕ್ಕಿಂತ ಚೆನ್ನಾಗಿ ಬರತ್ತಲ್ರೀ' ಅಂದಳು. ನಿಜ. ಆದರೆ ಇದು ನಮ್ಮ ಬಟ್ಟೆ ಒಣಗಿಸುವ ಹಗ್ಗದ ಪಕ್ಕದ ಕಡ್ಡಿಗೆ ನೇರವಾಗಿ ಎಂಟುನೂರು ಕಿಲೋಮೀಟರ್ ಮೇಲಿನಿಂದ ಬಂದದ್ದು. ಮಧ್ಯದಲ್ಲಿ ಯಾರೂ ಇಲ್ಲ. ಇದನ್ನು ಹೇಗೆ ಹೇಳುವುದು ಅಂತ ಗೊತ್ತಾಗಲಿಲ್ಲ, ಸುಮ್ಮನಾದೆ.

ನಮ್ಮೂರಿನಲ್ಲಿ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. 1982ರಿಂದ ಇದೆ. ಅಲ್ಲಿನ ದೊಡ್ಡ ಬಿಳಿ ಡಿಶ್‌ಗಳು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳ ಜೊತೆ ಮಾತನಾಡುತ್ತವೆ. ಆ ರಸ್ತೆಯಲ್ಲಿ ಎಷ್ಟೋ ಸಲ ಸ್ಕೂಟರಿನಲ್ಲಿ ಹೋಗಿದ್ದೇನೆ. ಒಳಗೇನು ನಡೆಯುತ್ತದೆ ಅಂತ ಯೋಚಿಸಿದವನಲ್ಲ. ಈಗ ಆ ಕಡೆ ಹೋದರೆ ಡಿಶ್ ಯಾವ ದಿಕ್ಕಿಗೆ ತಿರುಗಿದೆ ಅಂತ ನೋಡುತ್ತೇನೆ.

ಒಂದು ಮುಖ್ಯ ವಿಷಯ. ಇವತ್ತು ಕೊಳ್ಳುವವರು ನೋವಾ ಚಿತ್ರದ ಆಸೆಗೆ ಕೊಳ್ಳಬೇಡಿ. ನೋವಾ 18, 2025ರ ಜೂನ್‌ನಲ್ಲಿ ನಿಂತಿತು. 19 ಮತ್ತು 15 ಆ ವರ್ಷ ಆಗಸ್ಟ್‌ನಲ್ಲಿ ನಿಂತವು. ನೋವಾ 15 ಹಾರಿದ್ದು 1998ರ ಮೇ ತಿಂಗಳಲ್ಲಿ. 27 ವರ್ಷ ದುಡಿದಿದೆ. ನಾನು ಅಂಗಡಿಯಲ್ಲಿ ಮಾರಿದ ಯಾವ ಟಿವಿಯೂ ಅಷ್ಟು ವರ್ಷ ಬಾಳಲಿಲ್ಲ. ಆ ಆಗಸ್ಟ್ 15ರ ಬೆಳಿಗ್ಗೆ ಕೊಡೆ ಹಿಡಿದುಕೊಂಡು ಹಿಡಿದ ಚಿತ್ರ ನನ್ನ ಕೊನೆಯದು. ಅರ್ಧಕ್ಕೆ ಮಳೆ ಜೋರಾಗಿ ಲ್ಯಾಪ್‌ಟಾಪ್ ಎತ್ತಿಕೊಂಡು ಓಡಿದೆ, ಹಾಗಾಗಿ ಅದರಲ್ಲಿ ಲಂಕೆ ಇಲ್ಲ. ಡಾಂಗಲ್ ಮಾರುವವರು ಇನ್ನೂ ನೋವಾ ಚಿತ್ರ ಹಾಕಿಯೇ ಮಾರುತ್ತಿದ್ದಾರೆ. ಹುಷಾರು.

ಈಗ ಉಳಿದಿರುವುದು ರಷ್ಯಾದ ಹವಾಮಾನ ಉಪಗ್ರಹ ಮೀಟಿಯೋರ್. ಎಂ2-3 ಮತ್ತು ಎಂ2-4. 137.9ರಲ್ಲಿ ಹುಡುಕಿ, ಸಿಗದಿದ್ದರೆ 137.1. ಚಿತ್ರ ಬಹಳ ಚೆನ್ನಾಗಿದೆ, ಒಂದು ಚುಕ್ಕಿಗೆ ಒಂದು ಕಿಲೋಮೀಟರ್. ಸ್ಯಾಟ್‌ಡಂಪ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಎಲ್ಲ ಬಿಡಿಸಿಕೊಡುತ್ತದೆ. ಆದರೆ ಅದು ಡಿಜಿಟಲ್. ಅನಲಾಗ್‌ನಲ್ಲಿ ಸಿಗ್ನಲ್ ಕಮ್ಮಿಯಾದರೆ ಗ್ರೇನ್ಸ್ ಬರುತ್ತಿತ್ತು, ಮುಖ ಗುರುತು ಸಿಗುತ್ತಿತ್ತು. ಡಿಜಿಟಲ್‌ನಲ್ಲಿ ಮಳೆ ಬಂದಾಗ ಡಿಟಿಎಚ್ ಆಗುವ ಹಾಗೆ, ಇದ್ದರೆ ಪೂರ್ತಿ, ಇಲ್ಲದಿದ್ದರೆ ಕಪ್ಪು. ಎಂ2-3ರ ಆಂಟೆನಾ ಮೇಲೆ ಹೋದ ಮೇಲೆ ಪೂರ್ತಿ ಬಿಚ್ಚಿಕೊಳ್ಳಲೇ ಇಲ್ಲ, ಹಾಗಾಗಿ ಅದರ ಸಿಗ್ನಲ್ ವೀಕು. ಏಣಿ ಹಾಕಿಕೊಂಡು ಹೋಗಿ ಸರಿ ಮಾಡುವ ಎತ್ತರವೂ ಅಲ್ಲ ನೋಡಿ. ಟಿಕ್ಕು ಟಾಕ್ ಸದ್ದೂ ಇದರಲ್ಲಿ ಇಲ್ಲ, ಬರೀ ಸೊರ್. ನನಗೆ ಅದೊಂದು ಬೇಜಾರು.

ವಿಮಾನ ನೋಡುವುದಕ್ಕೆ ಇದು ಸುಲಭ. ವಿಮಾನಗಳು ತಮ್ಮ ಗುರುತು, ಎತ್ತರ, ಜಾಗವನ್ನು 1090 ಮೆಗಾಹರ್ಟ್ಸ್‌ನಲ್ಲಿ ಸಾರುತ್ತಾ ಹೋಗುತ್ತವೆ. ಕಿಟ್‌ನ ಗಿಡ್ಡ ಕಡ್ಡಿಗಳನ್ನು 7 ಸೆಂಟಿಮೀಟರಿಗೆ ಒಂದು ಚೂರು ಕಮ್ಮಿ ಇಟ್ಟು ನಿಲ್ಲಿಸಿದರೆ ಸಾಕು. ನಮ್ಮ ಮಹಡಿಯಿಂದ ಪಶ್ಚಿಮಕ್ಕೆ ಘಟ್ಟದ ಆಚೆ, ಸಮುದ್ರದ ಮೇಲಿನವೂ ಸಿಗುತ್ತವೆ. ಪೂರ್ವಕ್ಕೆ ಪಕ್ಕದ ಮನೆಯ ನೀರಿನ ಟ್ಯಾಂಕ್ ಅಡ್ಡ, ಅಲ್ಲಿ ಏನೂ ಇಲ್ಲ. ನಕ್ಷೆಯಲ್ಲಿ ಟ್ಯಾಂಕಿನ ನೆರಳು ಸ್ಪಷ್ಟವಾಗಿ ಕಾಣುತ್ತದೆ. ಬೇರೆಯವರ ಖಾಸಗಿ ಮಾತು ಕದ್ದು ಕೇಳುವ ಕೆಲಸಕ್ಕೆ ನಾನು ಕೈ ಹಾಕಿಲ್ಲ, ನೀವೂ ಹಾಕಬೇಡಿ.

ಕುಂದುಕೊರತೆ ಏನು ಅಂದರೆ, ಇದು 8 ಬಿಟ್ಟಿನ ಸಾಮಾನು. ಸಿಗ್ನಲ್ಲನ್ನು 256 ಮೆಟ್ಟಿಲಿನಲ್ಲಿ ಅಳೆಯುತ್ತದೆ, ಅಷ್ಟೇ. ಹತ್ತಿರದಲ್ಲಿ ಜೋರಾದ ಎಫ್‌ಎಂ ಸ್ಟೇಷನ್ ಇದ್ದರೆ ಅದೇ ಎಲ್ಲ ಮೆಟ್ಟಿಲೂ ತಿಂದುಬಿಡುತ್ತದೆ, ಸಣ್ಣ ಸಿಗ್ನಲ್‌ಗೆ ಜಾಗವೇ ಇರುವುದಿಲ್ಲ. ಗೇನ್, ಅಂದರೆ ಸಿಗ್ನಲ್ ಹಿಗ್ಗಿಸುವ ಪ್ರಮಾಣ, ಕಮ್ಮಿ ಮಾಡಿ ನೋಡಿ, ಆಗದಿದ್ದರೆ ಎಫ್‌ಎಂ ತಡೆಯುವ ಫಿಲ್ಟರ್ ಹಾಕಿ. ಎಲ್ಲರೂ ಗೇನ್ ಜಾಸ್ತಿ ಮಾಡುತ್ತಾರೆ, ಬೂಸ್ಟರ್ ಹಾಕುತ್ತಾರೆ. ಟಿವಿ ಕಾಲದಲ್ಲೂ ಇದೇ ತಪ್ಪು. ಬೂಸ್ಟರ್ ಕಿತ್ತುಹಾಕಿ ಚಿತ್ರ ಸರಿ ಮಾಡಿಕೊಟ್ಟು ಎಷ್ಟು ಮನೆಯಲ್ಲಿ ಕಾಫಿ ಕುಡಿದಿದ್ದೇನೋ.

ಮೀಡಿಯಂ ವೇವ್, ಶಾರ್ಟ್ ವೇವ್ ಕೂಡ ಬರುತ್ತದೆ ಅಂತಾರೆ. ಬರುತ್ತದೆ. ಟ್ಯೂನರನ್ನು ಬದಿಗಿಟ್ಟು ಆಂಟೆನಾವನ್ನು ನೇರ ಮುಖ್ಯ ಚಿಪ್‌ಗೇ ಕೊಡುವ ಉಪಾಯ ಅದು. ಮಹಡಿಯಲ್ಲಿ ಹತ್ತು ಮೀಟರ್ ತಂತಿ ಎಳೆದು ಮೀಡಿಯಂ ವೇವ್ 612 ಕಿಲೋಹರ್ಟ್ಸ್‌ನಲ್ಲಿ ಬೆಂಗಳೂರು ಆಕಾಶವಾಣಿ ಕೇಳಿದೆ. ಹತ್ತಾರು ವರ್ಷದ ಹಿಂದೆ ಅಪ್ಪನ ಮರ್ಫಿ ರೇಡಿಯೋದಲ್ಲಿ ಇದಕ್ಕಿಂತ ಚೆನ್ನಾಗಿ ಕೇಳುತ್ತಿತ್ತು. ಅದಕ್ಕಾಗಿಯೇ ಬೇಕು ಅನ್ನುವವರು ವಿ4 ನೋಡಿ, ಅದರಲ್ಲಿ ಆ ಭಾಗ ಬೇರೆಯಾಗಿ ಮಾಡಿದ್ದಾರೆ.

ಗಲಾಟೆ ಇನ್ನೂ ಒಂದು ಕಡೆಯಿಂದ ಬರುತ್ತದೆ, ಅದು ಡಾಂಗಲ್ಲಿನ ತಪ್ಪಲ್ಲ. ನನ್ನ ಅಂಗಡಿಯ ಅಗ್ಗದ ಎಲ್‌ಇಡಿ ಬಲ್ಬು ಹಾಕಿದರೆ ಪರದೆಯೆಲ್ಲ ಗೆರೆಗೆರೆ. ಯುಪಿಎಸ್ ಇನ್ನೂ ಜೋರು. ಒಂದು ರಾತ್ರಿ ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಇಟ್ಟು ನೋಡಿದೆ. ಬೀದಿಯೇ ಮೌನ. ಅಂಥ ಶುದ್ಧ ಗಾಳಿ ನಾನು ನೋಡಿರಲಿಲ್ಲ. ಹದಿನೈದು ನಿಮಿಷಕ್ಕೆ ಕರೆಂಟ್ ಬಂತು, ಮೊದಲ ಸಲ ಕರೆಂಟ್ ಬಂದದ್ದಕ್ಕೆ ಬೈದುಕೊಂಡೆ.

ಆಕಾಶಗಂಗೆಯ ಹೈಡ್ರೋಜನ್ ಹೊರಡಿಸುವ ಸಿಗ್ನಲ್ ಕೂಡ 1420 ಮೆಗಾಹರ್ಟ್ಸ್‌ನಲ್ಲಿ ಸಿಗುತ್ತದಂತೆ. ಇದೇ ಡಾಂಗಲ್, ಒಂದು ಒಳ್ಳೆ ಆಂಪ್ಲಿಫೈಯರ್, ಒಂದು ಡಿಶ್ ಇಟ್ಟುಕೊಂಡು ಹವ್ಯಾಸಿಗಳು ಹಿಡಿದಿದ್ದಾರೆ. ಆಂಪ್ಲಿಫೈಯರಿಗೆ ಬೇಕಾದ 4.5 ವೋಲ್ಟನ್ನು ಡಾಂಗಲ್ಲೇ ಕೇಬಲ್ ಮೂಲಕ ಕಳಿಸಬಲ್ಲದು. ಹಳೆಯ ಡಿಶ್ ನನ್ನ ಅಂಗಡಿ ಹಿಂದೆ ಆರು ಬಿದ್ದಿವೆ. ಎರಡು ಸಲ ಪ್ರಯತ್ನಪಟ್ಟೆ, ಕಂಡದ್ದು ಬರೀ ಗದ್ದಲ. ಸಿಕ್ಕಿದ ದಿನ ಬರೆಯುತ್ತೇನೆ.

ಯಾರು ಕೊಳ್ಳಬೇಕು? ರೇಡಿಯೋ ಕೇಳಲು ಅಂತಾದರೆ ಬೇಡ, ಸಾವಿರ ರೂಪಾಯಿಯ ಟ್ರಾನ್ಸಿಸ್ಟರ್ ಸಾಕು. ಮಗುವಿಗೆ ಉಡುಗೊರೆ ಕೊಡಬೇಕು ಅಂತಿದ್ದರೆ ಜೊತೆಗೆ ಕೂರುವ ಪುರುಸೊತ್ತು ನಿಮಗಿದೆಯಾ ನೋಡಿಕೊಳ್ಳಿ. ಡಾಂಗಲ್ಲಿಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಕಿಟ್‌ನ ಕೇಬಲ್ಲಿಗೆ ಎರಡು. ದುಡ್ಡು ಸ್ವಲ್ಪವೇ ಇದ್ದರೆ ಬರೀ ಡಾಂಗಲ್ ಕೊಂಡು ಆಂಟೆನಾ ಮನೆಯಲ್ಲೇ ಮಾಡಿಕೊಳ್ಳಿ. ಐದು ಸಾವಿರದ ಡಾಂಗಲ್ಲಿಗೆ ಕೆಟ್ಟ ಆಂಟೆನಾ ಹಾಕುವುದಕ್ಕಿಂತ, ನನ್ನ ಆ ಮೋಸದ ನೀಲಿ ಡಬ್ಬಿಗೆ ಒಳ್ಳೆ ಆಂಟೆನಾ ಹಾಕಿದರೆ ಜಾಸ್ತಿ ಕೇಳಿಸುತ್ತದೆ. ಪರೀಕ್ಷೆ ಮಾಡಿಯೇ ಹೇಳುತ್ತಿದ್ದೇನೆ. ಅದು ಈಗ ವಿಮಾನದ ಕೆಲಸಕ್ಕೆ ಹಳೆಯ ಲ್ಯಾಪ್‌ಟಾಪಿನಲ್ಲಿ ಹಗಲೂ ರಾತ್ರಿ ಓಡುತ್ತಿದೆ.

ಹೋದ ವಾರ ಗುಜರಿಯವನು ಗಾಡಿಯಲ್ಲಿ ಒಂದು ಹಳೆಯ ಯಾಗಿ, ಅಂದರೆ ಕಡ್ಡಿಗಳ ಟಿವಿ ಆಂಟೆನಾ ಹಾಕಿಕೊಂಡು ಹೋಗುತ್ತಿದ್ದ. ಕೂಗಿ ನಿಲ್ಲಿಸಿದೆ. ಕ್ಲಾಂಪಿಗೆ ನನ್ನದೇ ಕೆಂಪು ಟೇಪು ಸುತ್ತಿತ್ತು, ಅಂದರೆ ಯಾವುದೋ ಮನೆಗೆ ನಾನೇ ಕಟ್ಟಿದ್ದು. ತೂಕ ಹಾಕಿ ಮುನ್ನೂರು ರೂಪಾಯಿ ತೆಗೆದುಕೊಂಡ. ಮೂರು ಕಡ್ಡಿ ಬಗ್ಗಿದೆ, ಎರಡು ನೆಟ್ಟಗಿದೆ. 53 ಸೆಂಟಿಮೀಟರಿಗೆ ಗುರುತು ಹಾಕಿ ಇಟ್ಟಿದ್ದೇನೆ. ಅಳಿಯನ ಬೆಂಗಳೂರಿನ ರೂಮಿನ ಮಹಡಿಗೆ ಬೇಕಂತೆ.